ಹೂಕೋಸು ಬೆಳೆಯುತ್ತ ಜರ್ಮನ್ ಕಲಿತೆ

ನಮ್ಮ ಮನೆ ಶಿರಸಿ ಪೇಟೆಯಿಂದ ಒಳಗೆ, ಅಡಿಕೆ ತೋಟದ ಪಕ್ಕದಲ್ಲಿದೆ. ಮುಂದೆ ಜರ್ಮನಿಯಲ್ಲಿ ಓದಬೇಕೆಂದು ಆನ್‌ಲೈನ್ ತರಗತಿಗೆ ಸೇರಿದ್ದೆ. ಜೂನ್ ಬಂತು, ಮಳೆ ಹಿಡಿಯಿತು, ನೆಟ್‌ವರ್ಕ್ ಹೋಯಿತು. ವಾರದ ಎರಡು ತರಗತಿಗಳಲ್ಲಿ ಒಂದೂ ಪೂರ್ತಿ ಸಿಗುತ್ತಿರಲಿಲ್ಲ. ಫೋನಿನಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟ ಇತ್ತು. ಅದಕ್ಕೆ ನೆಟ್ ಬೇಡ. ಭಾಷೆಯನ್ನು ಜರ್ಮನ್‌ಗೆ ಬದಲಿಸಿ ಮೊದಲಿಂದ ಶುರುಮಾಡಿದೆ.

ಇಂಗ್ಲಿಷಿನಲ್ಲಿ ಒಮ್ಮೆ ಆಡಿದ್ದರಿಂದ ತುಂಬಾ ಅನುಕೂಲವಾಯಿತು. ಹೊಸ ಆಟ, ಹೊಸ ಭಾಷೆ ಎರಡೂ ಒಟ್ಟಿಗೆ ಬೇಡ ಅಂತಲೇ ನಾನು ಹೇಳುತ್ತೇನೆ. ಊರಿನ ಮೇಯರ್ ಮೊದಲು 15 ಬೀಜ ಕೊಡುತ್ತಾರೆಂದು ನನಗೆ ಗೊತ್ತಿತ್ತು. ಹಾಗಾಗಿ ‘ಜಾಮೆನ್’ ಅಂದರೆ ಬೀಜ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ‘ಹಕ್ಕೆ’ ಅಂದರೆ ಗುದ್ದಲಿ. ಅದರ ಮುಂದೆ ಚೂಪು ಎಂಬ ಪದ ಸೇರಿದರೆ ‘ಶ್ಪಿಟ್ಸ್‌ಹಕ್ಕೆ’, ನಮ್ಮ ಪಿಕಾಸಿ.

ತುಂಬಾ ಖುಷಿ ಕೊಟ್ಟ ಪದ ‘ಬ್ಲೂಮೆನ್‌ಕೋಲ್’. ಬ್ಲೂಮೆ ಅಂದರೆ ಹೂ, ಕೋಲ್ ಅಂದರೆ ಕೋಸು. ಹೂಕೋಸು! ಆ ಖುಷಿಯಲ್ಲೇ ವಿವರ ಓದದೆ ವಸಂತದ 20ನೇ ದಿನ ಒಂದು ಸಾಲು ನೆಟ್ಟೆ. ಆಟದಲ್ಲಿ ಒಂದು ಋತುವಿಗೆ 28 ದಿನ, ಋತು ಮುಗಿದರೆ ಅದರ ಬೆಳೆಯೂ ಒಣಗುತ್ತದೆ. ಬೇಸಿಗೆಯ ಮೊದಲ ಬೆಳಿಗ್ಗೆ ನೋಡಿದರೆ ಸಾಲಿಗೆ ಸಾಲೇ ಒಣಗಿತ್ತು. ಆಮೇಲೆ ವಿವರ ಓದಿದೆ. ಬೆಳೆಯಲು 12 ‘ಟಾಗೆ’, ಅಂದರೆ 12 ದಿನ ಬೇಕು. ಆ ಪದ ಮತ್ತೆ ಮರೆತಿಲ್ಲ.

ಆಟದ ಒಂದು ದಿನ ನಮ್ಮ ಸುಮಾರು 14 ನಿಮಿಷ. ಆದರೆ ಯಾರಾದರೂ ಮಾತಾಡುತ್ತಿದ್ದಾಗ ಅಲ್ಲಿಯ ಗಡಿಯಾರ ನಿಲ್ಲುತ್ತದೆ. ಒಂದು ಸಾಲಿಗೆ ಎಷ್ಟು ಹೊತ್ತು ತಗೊಂಡರೂ ಅವಸರವಿಲ್ಲ. ದಿನಾ ಸಂಜೆ ಮೂರು ದಿನದ ಬೇಸಾಯ ಅಷ್ಟೇ. ಮೂರು ಸಲ ಎದುರಾದ ಪದ ಮಾತ್ರ ಪುಸ್ತಕದಲ್ಲಿ ಬರೆಯುತ್ತಿದ್ದೆ. ಜಾಸ್ತಿ ಬರೆದರೆ ಆಟ ನಿಂತುಹೋಗುತ್ತದೆ.

‘ವೈಲ್’ ಅಂದರೆ ಯಾಕೆಂದರೆ. ಅದು ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ. ಕನ್ನಡದಲ್ಲಿ ಕ್ರಿಯಾಪದದ ಜಾಗ ಅದೇ ಅಲ್ವಾ? ಅದು ನನಗೆ ಸುಲಭವಾಯಿತು. ಲಿಂಗ ಮಾತ್ರ ಆಗಲಿಲ್ಲ. ನಮಗೆ ಹೂಕೋಸೂ ‘ಅದು’, ನೀರು ಹಾಕುವ ಕ್ಯಾನೂ ‘ಅದು’. ಜರ್ಮನ್‌ನಲ್ಲಿ ಹೂಕೋಸು ಪುಲ್ಲಿಂಗ, ಕ್ಯಾನು ಸ್ತ್ರೀಲಿಂಗ. ಆಟದ ಚೀಲದಲ್ಲಿ ಬರೀ ಹೆಸರಿರುತ್ತದೆ, ಅದರ ಮುಂದೆ ಲಿಂಗ ತೋರಿಸುವ ಡೇರ್, ಡೀ, ಡಸ್ ಇರುವುದಿಲ್ಲ. ಪ್ರತಿ ಪದಕ್ಕೂ ನಿಘಂಟು ನೋಡಿ, ನೀಲಿ, ಕೆಂಪು, ಹಸಿರು ಪೆನ್ನಿನಲ್ಲಿ ಬರೆದುಕೊಂಡೆ.

ಇನ್ನೊಂದು ಕೊರತೆ, ಆಟದ ಜನರಿಗೆ ದನಿಯಿಲ್ಲ. ಎಲ್ಲಾ ಅಕ್ಷರದಲ್ಲೇ. ಅದಕ್ಕೆ ಬಚ್ಚಲ ಒಲೆಯ ಮುಂದೆ ಕೂತು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುತ್ತಿದ್ದೆ. ಆಯಿ ‘ಅದೆಂತ ತಮಾ?’ ಎಂದು ಕೇಳುತ್ತಿದ್ದರು. ಕನ್ನಡದಲ್ಲಿ ಹೇಳಲು ಬಾರದಿದ್ದರೆ ಆ ಸಾಲು ನನಗೆ ಅರ್ಥವಾಗಿಲ್ಲ ಅಂತಲೇ ಲೆಕ್ಕ. ಮತ್ತೆ ಓದುತ್ತಿದ್ದೆ.

ಮಳೆ ಕಡಿಮೆಯಾಗಿ ತರಗತಿ ಸರಿಯಾಗಿ ಸಿಕ್ಕ ದಿನ ಮೇಡಂ ಹವಾಮಾನದ ಬಗ್ಗೆ ಒಂದು ವಾಕ್ಯ ಕೇಳಿದರು. ಆಟದ ಟಿವಿಯಲ್ಲಿ ದಿನಾ ಮರುದಿನದ ಹವಾಮಾನ ಓದಿದವನು ನಾನು. ‘ಮೊರ್ಗೆನ್ ರೇಗ್ನೆಟ್ ಎಸ್’ ಎಂದೆ. ನಾಳೆ ಮಳೆ ಬರುತ್ತದೆ. ವಾಕ್ಯ ಸರಿಯಿದೆ ಎಂದರು. ರ ಅಕ್ಷರವನ್ನು ಮಾತ್ರ ಗಂಟಲಿನಿಂದ ತರಲು ಹೇಳಿ, ನಾಲ್ಕು ಸಲ ಹೇಳಿಸಿದರು.