ದಶಮಾಂಶ ಹೋಲಿಕೆಗೆ ಕಂಪ್ಯೂಟರ್ ಪಾಠ ಮಾಡುವುದು ಹೇಗೆ

0.35 ಮತ್ತು 0.8ರಲ್ಲಿ ಯಾವುದು ದೊಡ್ಡದು ಎಂದರೆ ಅನೇಕ ಮಕ್ಕಳು 0.35 ಒತ್ತುತ್ತಾರೆ, ಎಂಟಕ್ಕಿಂತ ಮೂವತ್ತೈದು ದೊಡ್ಡದಲ್ಲವೇ? ಇನ್ನು ಕೆಲವರದು ಉಲ್ಟಾ ಲೆಕ್ಕ: ನೂರನೇ ಭಾಗ ಚಿಕ್ಕದು, ಹಾಗಾಗಿ 0.45ಕ್ಕಿಂತ 0.3 ದೊಡ್ಡದು. ಪಾಠದ ಪರದೆಗಳಿಗೆ ಕೈಹಾಕುವ ಮೊದಲು ಈ ಎರಡನ್ನೂ ಹಿಡಿಯುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ.

0.62–0.47ರಂಥ ಜೋಡಿ ದಂಡ. ತಪ್ಪಾಗಿ ಯೋಚಿಸುವವರೂ ಅಲ್ಲಿ ಸರಿ ಉತ್ತರವನ್ನೇ ಕೊಡುತ್ತಾರೆ. 0.8–0.35 ಬಗೆಯವು ಎರಡು, 0.3–0.45 ಬಗೆಯವು ಎರಡು, 0.5–0.50 ಬಗೆಯವು ಎರಡು ಇರಲಿ. ದೊಡ್ಡ ಸಂಖ್ಯೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರಲಿ. ‘ಎರಡೂ ಸಮ’ ಎಂಬ ಮೂರನೆಯ ಗುಂಡಿ ಬೇಕೇಬೇಕು. ಆಗ ಕಣ್ಣುಮುಚ್ಚಿ ಒತ್ತಿ ಆರನ್ನೂ ಸರಿ ಮಾಡುವ ಸಾಧ್ಯತೆ 1/729ಕ್ಕೆ ಇಳಿಯುತ್ತದೆ.

ಉತ್ತರ ತಪ್ಪಾದಾಗ ‘ಮತ್ತೆ ಪ್ರಯತ್ನಿಸಿ’ ಎಂದರೆ ಮಗು ಇನ್ನೊಂದು ಗುಂಡಿ ಒತ್ತುತ್ತದೆ, ಅಷ್ಟೇ. ಬದಲಿಗೆ 10×10 ಮನೆಗಳ ಎರಡು ಚೌಕ ಕೊಟ್ಟು ಬಣ್ಣ ತುಂಬಿಸಿ: 0.8ಕ್ಕೆ ಎಂಟು ಪೂರ್ತಿ ಕಂಬಸಾಲು, 0.35ಕ್ಕೆ ಮೂರು ಸಾಲು ಮತ್ತು ಐದು ಮನೆ. ತುಂಬುವ ಕೆಲಸ ಮಗುವಿನದೇ ಆಗಿರಲಿ. ತಾನೇ ತುಂಬಿಕೊಳ್ಳುವ ಅನಿಮೇಷನ್ ನೋಡಲು ಚೆಂದ, ಕಲಿಕೆಗೆ ಅಷ್ಟಕ್ಕಷ್ಟೆ. ಆಮೇಲೆ ಅದೇ ಬಗೆಯ ಹೊಸ ಜೋಡಿ ಕೊಡಿ, ಹಳೆಯದನ್ನಲ್ಲ.

ರೂಪಾಯಿ-ಪೈಸೆಯ ಉದಾಹರಣೆ ಮೊದಲಿಗೇ ಬೇಡ. 0.8 ರೂಪಾಯಿಯನ್ನು ಎಂಟು ಪೈಸೆ ಎಂದು ಓದಿಕೊಂಡರೆ ಹಳೆಯ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಧ್ವನಿಯಲ್ಲೂ ‘ಸೊನ್ನೆ ಬಿಂದು ಮೂವತ್ತೈದು’ ಅನ್ನಿಸಬೇಡಿ. ‘ಮೂರು ಐದು’ ಎಂದು ಬಿಡಿಬಿಡಿಯಾಗಿ ಓದಿಸಿ.

ನಂತರ ಸಂಖ್ಯಾರೇಖೆ. 0ಯಿಂದ 1ರವರೆಗಿನ ಗೆರೆ 500 ಪಿಕ್ಸೆಲ್ ಇದ್ದರೆ ಒಂದು ನೂರನೇ ಭಾಗಕ್ಕೆ ಸಿಗುವುದು ಐದೇ ಪಿಕ್ಸೆಲ್. ಬೆರಳಿನಿಂದ ಎಳೆಯುವಾಗ ಅಷ್ಟು ನಿಖರತೆ ಬರುವುದಿಲ್ಲ, 0.02ರಷ್ಟು ಆಚೀಚೆಯಾದರೂ ಒಪ್ಪಿಕೊಳ್ಳಿ. ಕೋಡ್‌ನಲ್ಲಿ ಬೆಲೆಗಳನ್ನು 35, 80 ಎಂದು ನೂರನೇ ಭಾಗಗಳ ಪೂರ್ಣಾಂಕವಾಗಿಯೇ ಇಟ್ಟುಕೊಂಡು, ತೋರಿಸುವಾಗ ಮಾತ್ರ ಬಿಂದು ಸೇರಿಸಿ. ವೆಬ್ ಪುಟಗಳ ಕೋಡ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ 0.1 + 0.2 ಎಂದರೆ 0.30000000000000004, ಸರಿ ಉತ್ತರಕ್ಕೂ ‘ತಪ್ಪು’ ಬಿದ್ದೀತು. ಟೈಪ್ ಮಾಡಿಸುವುದಾದರೆ .5, 0.50, ೦.೫ ಮೂರನ್ನೂ ಒಪ್ಪಬೇಕು. ಕನ್ನಡ ಅಂಕಿಗಳನ್ನು ಜಾವಾಸ್ಕ್ರಿಪ್ಟ್ ತಾನಾಗಿ ಸಂಖ್ಯೆಯೆಂದು ಓದುವುದಿಲ್ಲ, ಮೊದಲೇ ಬದಲಾಯಿಸಿಕೊಳ್ಳಿ.

ವಾರ ಬಿಟ್ಟು 0.125–0.7ರಂಥ, ಪಾಠದಲ್ಲಿ ಬಾರದ ಮೂರು ಸ್ಥಾನದ ಜೋಡಿಗಳನ್ನು ಕೊಟ್ಟು ನೋಡಿ. ಅಲ್ಲಿ 0.125 ಒತ್ತಿದ ಮಗುವನ್ನು ಮತ್ತೆ ಚೌಕದ ಪರದೆಗೇ ಕಳಿಸಿ.