ಪ್ರೊಸೆಸರಿನ ಜ್ವರ ನೋಡುವುದು ಹೇಗೆ?

ಮೇ ತಿಂಗಳ ಒಂದು ಮಧ್ಯಾಹ್ನ. ಕೋಲಾರದ ನಮ್ಮ ಲ್ಯಾಬಿನಲ್ಲಿ ಫ್ಯಾನಿನ ಕೆಳಗೆ ಕೂತವರೂ ಬೆವರುತ್ತಿದ್ದೆವು. ಹುಡುಗನೊಬ್ಬ ಬಂದು, ‘ಸಾರ್, ಪ್ರೊಸೆಸರ್ 30 ಡಿಗ್ರಿ ಇದೆ, ಆರಾಮಾಗಿದೆ’ ಎಂದ. ಗೋಡೆಗಿಂತ ತಣ್ಣಗಿರುವ ಪ್ರೊಸೆಸರ್! ಸ್ವಲ್ಪ ಹೊತ್ತಿಗೆ ಅವನೇ ಮತ್ತೆ ಬಂದ: ‘ಲೋಡ್ ಕೊಟ್ಟರೆ ಇನ್ನೂ ತಣ್ಣಗಾಗ್ತಾ ಇದೆ ಸಾರ್.’ ಪ್ರತಿ ಬ್ಯಾಚಿನಲ್ಲೂ ಇಂಥವರು ಇಬ್ಬರು ಮೂವರು ಸಿಗುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಪ್ರೊಸೆಸರಿನ ಒಳಗೆ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಪುಟ್ಟ ಜಾಗಗಳಿಗೆ ರಿಜಿಸ್ಟರ್ ಎನ್ನುತ್ತಾರೆ. ಕೂಡುವುದು ಕಳೆಯುವುದಕ್ಕೆ ಬಳಸುವ ಮಾಮೂಲಿ ರಿಜಿಸ್ಟರುಗಳನ್ನು ಯಾವ ಪ್ರೋಗ್ರಾಂ ಬೇಕಾದರೂ ಮುಟ್ಟಬಹುದು. ಅವಲ್ಲದೆ ತಾಪಮಾನ, ವಿದ್ಯುತ್ ಬಳಕೆ, ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್‌ನ ನೆರವು ಕೇಳುವ ಕರೆ) ಬಂದಾಗ ಎಲ್ಲಿಗೆ ಜಿಗಿಯಬೇಕು ಎಂಬ ವಿಳಾಸ, ಇಂಥವನ್ನು ಇಟ್ಟುಕೊಳ್ಳುವ ವಿಶೇಷ ರಿಜಿಸ್ಟರುಗಳೂ ಇವೆ. ಇವಕ್ಕೆ ಎಂಎಸ್‌ಆರ್ (ಮಾಡೆಲ್ ಸ್ಪೆಸಿಫಿಕ್ ರಿಜಿಸ್ಟರ್) ಎಂದು ಹೆಸರು. 1993ರ ಪೆಂಟಿಯಂ ಕಾಲದಿಂದ ಇವನ್ನು ಓದಲು ‘ಆರ್‌ಡಿಎಂಎಸ್‌ಆರ್’, ಬರೆಯಲು ‘ಡಬ್ಲ್ಯುಆರ್‌ಎಂಎಸ್‌ಆರ್’ ಎಂಬ ಸೂಚನೆಗಳಿವೆ. ಎರಡೂ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ ಮಾತ್ರ ಮೀಸಲು. ಸಾಮಾನ್ಯ ಪ್ರೋಗ್ರಾಂ ಬಳಸಲು ಹೋದರೆ ಪ್ರೊಸೆಸರ್ ಅಲ್ಲೇ ತಡೆದು ದೂರು ಕೊಡುತ್ತದೆ.

ಮೊದಲು ಯಂತ್ರ

ಇಂಟೆಲ್ ಪ್ರೊಸೆಸರಿನ, ಲಿನಕ್ಸ್ ಹಾಕಿದ ಹಳೆಯ ಪಿಸಿ ಸಾಕು. ವರ್ಚುವಲ್ ಮಷೀನ್ (ಒಂದು ಯಂತ್ರದೊಳಗೆ ಸಾಫ್ಟ್‌ವೇರಿನಲ್ಲಿ ಓಡುವ ಇನ್ನೊಂದು ಯಂತ್ರ) ಬೇಡ. ಒಳಗಿರುವ ಅತಿಥಿ ಸಿಸ್ಟಮ್ಮಿಗೆ ತಾಪಮಾನದ ರಿಜಿಸ್ಟರ್ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಎಎಂಡಿ ಯಂತ್ರವಾದರೆ ಮುಂದೆ ಹೇಳುವ ರಿಜಿಸ್ಟರ್ ಸಂಖ್ಯೆಗಳು ನಡೆಯುವುದಿಲ್ಲ. ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರನ್ನಷ್ಟೇ ಶುರುವಾಗಲು ಬಿಡುವ ಏರ್ಪಾಡು) ಆನ್ ಇದ್ದರೆ ಉಬುಂಟು, ಫೆಡೋರಾಗಳು ಎಂಎಸ್‌ಆರ್ ಓದಲು ಬಿಡುತ್ತವೆ, ಬರೆಯಲು ಬಿಡುವುದಿಲ್ಲ. ಸಹಿ ಇಲ್ಲದ ಮಾಡ್ಯೂಲನ್ನೂ (ಕರ್ನಲ್‌ಗೆ ಆಮೇಲೆ ಸೇರಿಸುವ ಕೋಡಿನ ತುಂಡು) ಒಳಗೆ ಸೇರಿಸುವುದಿಲ್ಲ. ಲ್ಯಾಬ್ ಯಂತ್ರದಲ್ಲಿ ಸೆಕ್ಯೂರ್ ಬೂಟನ್ನು ಆಫ್ ಮಾಡಿ, ಕೆಲಸ ಮುಗಿದ ಮೇಲೆ ನೆನಪಿಟ್ಟು ಆನ್ ಮಾಡಿ.

ಕೋಡ್ ಬರೆಯದೆ ಓದುವುದು

‘ಎಂಎಸ್‌ಆರ್-ಟೂಲ್ಸ್’ ಪ್ಯಾಕೇಜ್ ಹಾಕಿಕೊಳ್ಳಿ, ರೂಟ್ ಆಗಿ ‘ಮಾಡ್‌ಪ್ರೋಬ್ ಎಂಎಸ್‌ಆರ್’ ಕೊಡಿ. ಅಷ್ಟೇ. ಈಗ ಒಂದೊಂದು ಕೋರಿಗೂ ಒಂದೊಂದು ಡಿವೈಸ್ ಫೈಲ್ ಹುಟ್ಟಿಕೊಂಡಿರುತ್ತದೆ. ಆ ಫೈಲಿನಲ್ಲಿ ರಿಜಿಸ್ಟರಿನ ಸಂಖ್ಯೆ ಎಷ್ಟೋ ಅಷ್ಟನೇ ಸ್ಥಾನಕ್ಕೆ ಹೋಗಿ 8 ಬೈಟ್ ಓದಿದರೆ ಬೆಲೆ ಸಿಗುತ್ತದೆ. ‘ಆರ್‌ಡಿಎಂಎಸ್‌ಆರ್’ ಎಂಬ ಕಮಾಂಡ್ ಮಾಡುವುದೂ ಇಷ್ಟನ್ನೇ. ‘ಪಿ’ ಆಯ್ಕೆಯ ಜೊತೆ ಕೋರ್ ಸಂಖ್ಯೆ ಕೊಟ್ಟು, ಹೆಕ್ಸ್ 19ಸಿ (ಹೆಕ್ಸ್ ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದ ಸಂಖ್ಯೆ) ಎಂಬ ರಿಜಿಸ್ಟರನ್ನು ಕೇಳಿ. ಆ ಕೋರಿನ ಉಷ್ಣ ಸ್ಥಿತಿ ಇರುವುದು ಅಲ್ಲಿ.

ನಮ್ಮ ಹುಡುಗನಿಗೆ ಸಿಕ್ಕಿದ್ದು ಹೆಕ್ಸ್ 88300000. ಅದರ ಮಧ್ಯದ 30ನ್ನು ನೋಡಿ ‘30 ಡಿಗ್ರಿ’ ಎಂದುಬಿಟ್ಟ. ಒಂದೇ ಏಟಿಗೆ ಎರಡು ತಪ್ಪು.

ಮೊದಲನೆಯದು, ಅದು ಹೆಕ್ಸ್ 30, ನಮ್ಮ ಲೆಕ್ಕದಲ್ಲಿ 48. ಎರಡನೆಯದು ಇನ್ನೂ ದೊಡ್ಡದು. ಈ 48 ತಾಪಮಾನವೇ ಅಲ್ಲ. ಪ್ರೊಸೆಸರ್ ತಾಳಿಕೊಳ್ಳುವ ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ ಇದೆ ಎಂಬ ಲೆಕ್ಕ ಅದು. ಬಾವಿಯಲ್ಲಿ ನೀರು ಎಷ್ಟಿದೆ ಎಂದು ಕೇಳಿದರೆ, ದಡದಿಂದ ಎಷ್ಟು ಅಡಿ ಕೆಳಗಿದೆ ಎಂದು ಹೇಳಿದ ಹಾಗೆ. ಲೋಡ್ ಹೆಚ್ಚಿದಂತೆ ಮಿತಿ ಹತ್ತಿರವಾಗುತ್ತದೆ, ಸಂಖ್ಯೆ ಇಳಿಯುತ್ತದೆ. ಹುಡುಗನ ಗ್ರಾಫ್ ತಲೆಕೆಳಗಾಗಿ ನಿಂತಿದ್ದು ಇದಕ್ಕೇ.

ಆ ಮಿತಿ ಎಷ್ಟು ಎಂಬುದನ್ನು ಹೆಕ್ಸ್ 1ಎ2 ರಿಜಿಸ್ಟರಿನ 16ರಿಂದ 23ನೇ ಬಿಟ್‌ವರೆಗೆ ನೋಡಬೇಕು. ನಮ್ಮ ಯಂತ್ರದಲ್ಲಿ ಅದು ಹೆಕ್ಸ್ 640000 ಎಂದು ಬಂತು. ಹೆಕ್ಸ್ 64 ಅಂದರೆ 100. ನೂರರಲ್ಲಿ 48 ಕಳೆದರೆ 52 ಡಿಗ್ರಿ, ನಂಬುವಂಥ ಉತ್ತರ. ಮಿತಿ ಎಲ್ಲ ಯಂತ್ರದಲ್ಲೂ 100 ಎಂದು ಕೋಡಿನಲ್ಲಿ ಬರೆದು ಕೂರಬೇಡಿ, ಪ್ರತಿ ಯಂತ್ರದಲ್ಲೂ ಕೇಳಿ ತಿಳಿಯಿರಿ.

ಬಿಟ್ ಕತ್ತರಿಸುವಾಗ: 19ಸಿಯ ಬೆಲೆಯನ್ನು 16 ಸ್ಥಾನ ಬಲಕ್ಕೆ ಸರಿಸಿ, ಹೆಕ್ಸ್ 7ಎಫ್ ಜೊತೆ ‘ಆಂಡ್’ ಮಾಡಿ. ನಮಗೆ ಬೇಕಾದದ್ದು 16ರಿಂದ 22ರವರೆಗಿನ ಏಳೇ ಬಿಟ್. ಕೆಲವರು ಎಫ್‌ಎಫ್ ಹಾಕುತ್ತಾರೆ; ಹಳೆಯ ಪ್ರೊಸೆಸರುಗಳಲ್ಲಿ ಎಂಟನೆಯದು ಕಾಯ್ದಿರಿಸಿದ ಬಿಟ್, ಅಲ್ಲಿ ಅದನ್ನು ಎಳೆದುಕೊಳ್ಳಬಾರದು. ಕಳೆಯುವ ಮುಂಚೆ 31ನೇ ಬಿಟ್ 1 ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಆ ಓದು ಸಿಂಧುವಲ್ಲ, ಬಿಸಾಡಿ. ಈ ತಪಾಸಣೆ ಮಾಡಿದ ಒಂದೇ ಒಂದು ರೆಕಾರ್ಡ್ ಬುಕ್ ಕೂಡ ನನ್ನ ಕೈಗೆ ಬಂದಿಲ್ಲ.

ಕರ್ನಲ್ ಒಳಗಿನಿಂದ

ಈಗ ಅದನ್ನೇ ಸ್ವಂತ ಮಾಡ್ಯೂಲಿನಲ್ಲಿ ಮಾಡೋಣ. ಇಲ್ಲಿ ಎಲ್ಲರಿಗೂ ಅಸೆಂಬ್ಲಿ ಬರೆಯುವ ಹುಮ್ಮಸ್ಸು. ನೋಡಲು ಸುಲಭವೇ: ರಿಜಿಸ್ಟರಿನ ಸಂಖ್ಯೆ ಇಸಿಎಕ್ಸ್ ಎಂಬ ಮಾಮೂಲಿ ರಿಜಿಸ್ಟರಿನಲ್ಲಿ, ಉತ್ತರದ ಕೆಳಗಿನ 32 ಬಿಟ್ ಇಎಎಕ್ಸ್‌ನಲ್ಲಿ, ಮೇಲಿನ 32 ಇಡಿಎಕ್ಸ್‌ನಲ್ಲಿ. ಹಳೆಯ ಪಾಠಗಳು ಉತ್ತರ ಪಡೆಯಲು ದೊಡ್ಡಕ್ಷರದ ‘ಎ’ ಗುರುತು ಬಳಸುತ್ತವೆ. 32 ಬಿಟ್ ಕಾಲದಲ್ಲಿ ಆ ಗುರುತು ಎರಡೂ ಅರ್ಧಗಳನ್ನು ಒಟ್ಟಿಗೆ ತರುತ್ತಿತ್ತು. 64 ಬಿಟ್‌ನಲ್ಲಿ ಕಂಪೈಲರ್ ಎರಡರಲ್ಲಿ ಒಂದನ್ನಷ್ಟೇ ಹಿಡಿಯುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ತಾಪಮಾನದ ಮಾಹಿತಿ ಕೆಳಗಿನ ಅರ್ಧದಲ್ಲೇ ಇರುವುದರಿಂದ ತಪ್ಪು ಅಡಗಿ ಕೂರಬಹುದು. ಸಿಸ್ಟಮ್ ಕಾಲ್ ವಿಳಾಸ ಇರುವ ರಿಜಿಸ್ಟರ್ ಓದಿದ ದಿನ ವಿಳಾಸದ ಅರ್ಧ ಮಾಯವಾಗಿರುವುದು ಗೊತ್ತಾಗುತ್ತದೆ. ಚಿಕ್ಕಕ್ಷರದ ‘ಎ’ ಮತ್ತು ‘ಡಿ’ ಬೇರೆ ಬೇರೆ ಪಡೆದು, ಆಮೇಲೆ ಜೋಡಿಸಬೇಕು.

ನನ್ನ ಮಾತು ಕೇಳುವುದಾದರೆ ಅಸೆಂಬ್ಲಿಯನ್ನೇ ಬರೆಯಬೇಡಿ. ಇಲ್ಲದ ರಿಜಿಸ್ಟರ್ ಮುಟ್ಟಿದರೆ ಪ್ರೊಸೆಸರ್ ‘ಜನರಲ್ ಪ್ರೊಟೆಕ್ಷನ್ ಫಾಲ್ಟ್’ ಎಂಬ ದೂರು ಎಬ್ಬಿಸುತ್ತದೆ. ನಿಮ್ಮ ಸ್ವಂತ ಅಸೆಂಬ್ಲಿಗೆ ಅದನ್ನು ಹಿಡಿದುಕೊಳ್ಳುವ ಏರ್ಪಾಡು ಇರುವುದಿಲ್ಲ, ಕರ್ನಲ್ ‘ಊಪ್ಸ್’ ಅನ್ನುತ್ತದೆ, ಅಂದರೆ ತಾನೇ ಎಡವಿದೆ ಎಂದು ವರದಿ ಬರೆಯುತ್ತದೆ. ಕರ್ನಲ್‌ನದೇ ಮಾಮೂಲಿ ಫಂಕ್ಷನ್ ಬಳಸಿದರೆ ಲಾಗಿನಲ್ಲಿ ಎಚ್ಚರಿಕೆ ಬರೆದು ಸೊನ್ನೆ ಕೊಡುತ್ತದೆ. ನಮ್ಮ ಲೆಕ್ಕದಲ್ಲಿ ಸೊನ್ನೆ ಅಂದರೆ ಪ್ರೊಸೆಸರ್ ಕುದಿಯುತ್ತಿದೆ ಎಂದರ್ಥ! ಹಾಗಾಗಿ ಹೆಸರಿನಲ್ಲಿ ‘ಸೇಫ್’ ಇರುವ ಫಂಕ್ಷನ್ನನ್ನೇ ಕರೆಯಿರಿ. ಅದು ತಪ್ಪಿನ ಸಂಖ್ಯೆಯನ್ನು ಬೇರೆಯಾಗಿ ಹಿಂತಿರುಗಿಸುತ್ತದೆ, ಅದನ್ನು ನೋಡಿಯೇ ಮುಂದೆ ಹೋಗಿ.

ಅತಿ ಹೆಚ್ಚು ಜನ ಮುಗ್ಗರಿಸುವುದು ಇದರ ಮುಂದೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹಾಕಿದ ರೈತ ಒಂದು ಮಂಡಿಗೆ ಹೋಗಿ ಪಕ್ಕದ ಮಂಡಿಯ ಲೆಕ್ಕ ಕೇಳಿದರೆ ಯಾರು ಹೇಳುತ್ತಾರೆ? ಪ್ರತಿ ಮಂಡಿಗೂ ಅದರದೇ ಪುಸ್ತಕ. ಕೋರುಗಳೂ ಹಾಗೆಯೇ. ಸೂಚನೆ ಯಾವ ಕೋರಿನ ಮೇಲೆ ಓಡಿತೋ ಆ ಕೋರಿನ ರಿಜಿಸ್ಟರೇ ಓದಲ್ಪಡುತ್ತದೆ. ‘ನಾನು ಯಾವ ಕೋರಿನಲ್ಲಿದ್ದೇನೆ’ ಎಂದು ಒಂದು ಸಾಲಿನಲ್ಲಿ ಕೇಳಿ, ಮುಂದಿನ ಸಾಲಿನಲ್ಲಿ ರಿಜಿಸ್ಟರ್ ಓದುತ್ತಾರೆ. ಆ ಎರಡು ಸಾಲುಗಳ ನಡುವೆ, ಯಾವ ಕೆಲಸ ಯಾವ ಕೋರಿನಲ್ಲಿ ಎಂದು ಹಂಚುವ ಶೆಡ್ಯೂಲರ್ ನಿಮ್ಮನ್ನು ಎತ್ತಿ ಬೇರೆ ಕೋರಿಗೆ ಹಾಕಿರಬಹುದು. ಮೂರನೇ ಕೋರಿನ ಹೆಸರಿಗೆ ಒಂದನೇ ಕೋರಿನ ಜ್ವರ ದಾಖಲಾಗುತ್ತದೆ. ನೂರು ಸಲದಲ್ಲಿ ತೊಂಬತ್ತೆಂಟು ಸಲ ಸರಿ ಬರುವುದರಿಂದ ಹುಡುಕುವುದೂ ಕಷ್ಟ.

ಪರಿಹಾರ ಕರ್ನಲ್‌ನಲ್ಲೇ ಇದೆ: ‘ಆರ್‌ಡಿಎಂಎಸ್‌ಆರ್‌ಎಲ್_ಸೇಫ್_ಆನ್_ಸಿಪಿಯು’. ಕೋರ್ ಸಂಖ್ಯೆ ಕೊಟ್ಟರೆ ಇದು ಆ ಕೋರಿಗೇ ಕರೆ ಕಳಿಸಿ, ಅಲ್ಲೇ ಓದಿಸಿ, ಉತ್ತರ ತರುತ್ತದೆ. 6.16ನೇ ಕರ್ನಲ್‌ನಿಂದ ಹೆಸರಿನ ‘ಎಲ್’ ಹೋಗಿ ‘ಕ್ಯೂ’ ಬಂದಿದೆ. ಹಳೆಯ ಪಾಠದ ಕೋಡ್ ಕಂಪೈಲ್ ಆಗದಿದ್ದರೆ ಮೊದಲು ಅದನ್ನು ನೋಡಿ. ಇಂಟರಪ್ಟ್ (ಕೋರಿನ ಗಮನ ಸೆಳೆಯುವ ಸಂಕೇತ) ಮುಚ್ಚಿದ ಜಾಗದಿಂದ ಇದನ್ನು ಕರೆಯಬಾರದು, ಯಂತ್ರ ಅಲ್ಲೇ ಕಚ್ಚಿಕೊಳ್ಳಬಹುದು. ಮಿಲಿಸೆಕೆಂಡಿಗೊಮ್ಮೆ ಕೇಳುವ ಚಾಳಿಯೂ ಬೇಡ. ಮಲಗಿರುವ ಕೋರನ್ನು ಎಬ್ಬಿಸಿ ಜ್ವರ ಇದೆಯಾ ಎಂದು ಕೇಳಿದರೆ ಎಬ್ಬಿಸಿದ್ದಕ್ಕೇ ಮೈ ಬಿಸಿಯಾಗುತ್ತದೆ. ಸೆಕೆಂಡಿಗೊಮ್ಮೆ ಧಾರಾಳ.

ಒಂದೇ ಕೋರು ಎರಡು ಸಿಪಿಯುಗಳಂತೆ ಕಾಣಿಸಿಕೊಳ್ಳುವ ಹೈಪರ್‌ಥ್ರೆಡಿಂಗ್ ಇದ್ದರೆ ಎರಡೆರಡು ಸಿಪಿಯುಗಳು ಹೆಚ್ಚು ಕಡಿಮೆ ಒಂದೇ ಬೆಲೆ ತೋರಿಸುತ್ತವೆ. ಗಾಬರಿ ಬೇಡ, ಎರಡೂ ಒಂದೇ ಕೋರಿನಲ್ಲಿ ಸಂಸಾರ ಮಾಡುತ್ತಿವೆ.

ಬರೆಯುವುದು?

ಬೇಡ. ಬಯಾಸಿನಲ್ಲಿ (ಯಂತ್ರ ಆನ್ ಆದ ಕೂಡಲೇ ಮೊದಲು ಓಡುವ ಸಾಫ್ಟ್‌ವೇರ್) ಆಫ್ ಆಗಿರುವ ವರ್ಚುವಲೈಸೇಷನ್ನನ್ನು ಹೆಕ್ಸ್ 3ಎ ರಿಜಿಸ್ಟರಿಗೆ ಬರೆದು ಆನ್ ಮಾಡುತ್ತೇನೆ ಎಂದು ಹೊರಟವರನ್ನು ಕಂಡಿದ್ದೇನೆ. ಅದರ ಸೊನ್ನೆಯನೇ ಬಿಟ್ ಬೀಗ. ಬಯಾಸ್ ಒಮ್ಮೆ ಬೀಗ ಹಾಕಿದರೆ ರೀಸೆಟ್ ಆಗುವವರೆಗೆ ಬರೆದಷ್ಟು ಸಲವೂ ಫಾಲ್ಟ್. ಬಯಾಸಿಗೇ ಹೋಗಿ ಆನ್ ಮಾಡಿ, ಎರಡು ನಿಮಿಷದ ಕೆಲಸ. ‘ಸ್ಪೀಡ್ ಬೂಸ್ಟರ್’ ಎಂದು ಪುಕ್ಕಟೆ ಸಿಗುವ ವಿಂಡೋಸ್ ಪ್ರೋಗ್ರಾಂಗಳಿಂದಲೂ ದೂರವಿರಿ. ಅಂಥವುಗಳ ಜೊತೆ ಬರುವ ಕೆಲವು ಡ್ರೈವರುಗಳು ಎಂಎಸ್‌ಆರ್ ಬಾಗಿಲನ್ನು ಕಂಡಕಂಡ ಪ್ರೋಗ್ರಾಂಗೆಲ್ಲ ತೆರೆದಿಡುತ್ತವೆ. ಮಾಲ್‌ವೇರಿಗೆ ಅದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ.

ನಿಮ್ಮ ಮಾಡ್ಯೂಲ್ ಸರಿಯಿದೆಯೇ ಎಂದು ತಾಳೆ ನೋಡಲು ‘ಸೆನ್ಸರ್ಸ್’ ಕಮಾಂಡ್ ಕೊಡಿ. ಲಿನಕ್ಸ್‌ನ ‘ಕೋರ್‌ಟೆಂಪ್’ ಡ್ರೈವರ್ ಓದುವುದೂ ಇದೇ ರಿಜಿಸ್ಟರುಗಳನ್ನು. ಎರಡು ಮೂರು ಡಿಗ್ರಿ ವ್ಯತ್ಯಾಸ ಬಂದರೆ ಓದಿದ ಗಳಿಗೆ ಬೇರೆ, ಅಷ್ಟೇ. ಎರಡೂ ಸಂಖ್ಯೆ ಕೂಡಿದರೆ ಸರಿಯಾಗಿ ಮಿತಿಯಷ್ಟೇ ಬರುತ್ತಿದ್ದರೆ, ನೀವಿನ್ನೂ ಕಳೆದಿಲ್ಲ. ಎರಡೂ ಒಂದೇ ಆಗಿ, ಸುಮ್ಮನೆ ಕೂತ ಯಂತ್ರದಲ್ಲೂ 80 ದಾಟುತ್ತಿದ್ದರೆ ಕೋಡ್ ಮುಚ್ಚಿ, ಪಿಸಿಯ ಕ್ಯಾಬಿನೆಟ್ ತೆರೆಯಿರಿ. ನಮ್ಮ ಲ್ಯಾಬಿನ ಒಂದು ಯಂತ್ರದಲ್ಲಿ ಹೀಟ್‌ಸಿಂಕ್ ತುಂಬ ಸೀಮೆಸುಣ್ಣದ ಪುಡಿ ಕೂತಿತ್ತು.