ಹೊಟ್ಟೆ ಸುಮ್ಮನಿದ್ದರೂ ಕರುಳು ಸುಮ್ಮನಿರಲಿಲ್ಲ

ನನ್ನ ಹಿರಿಯ ಮಗ ಹುಟ್ಟಿದ್ದು 2012ರಲ್ಲಿ. ಬಾಣಂತನಕ್ಕೆ ಗದಗ ಜಿಲ್ಲೆಯ ತವರುಮನೆಗೆ ಹೋಗಿದ್ದೆ. ನಮ್ಮ ಕಡೆ ಬಾಣಂತಿಗೆ ಬೆಳಿಗ್ಗೆ ಗೋಧಿ ರವೆಯ ಸಜ್ಜಕ, ಮಧ್ಯಾಹ್ನ ತುಪ್ಪ ಸವರಿದ ಬಿಸಿ ಚಪಾತಿ, ಸಂಜೆ ಅಂಟಿನ ಉಂಡೆ. ನಮ್ಮ ಮನೆಯ ಉಂಡೆಗೆ ಹುರಿದ ಗೋಧಿ ಹಿಟ್ಟೂ ಬೀಳುತ್ತದೆ. ಐದನೆಯ ವಾರಕ್ಕೆ ಭೇದಿ ಶುರುವಾಯಿತು, ದಿನಕ್ಕೆ ಆರೇಳು ಸಲ. ಅವ್ವ ನಂಜು ಎಂದು ಬದನೆಕಾಯಿ ಬಿಡಿಸಿದಳು. ಅಜ್ಜಿ ಶೀತ ಎಂದು ಓಮದ ಕಷಾಯ ಕುಡಿಸಿದಳು. ಸಜ್ಜಕದ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ನಾನು ಸೊರಗಿದಷ್ಟೂ ತಟ್ಟೆಗೆ ಇನ್ನೊಂದು ಸೌಟು ಹೆಚ್ಚೇ ಬೀಳುತ್ತಿತ್ತು.

ಹಿಮೋಗ್ಲೋಬಿನ್ 7.1ಕ್ಕೆ ಇಳಿದಿತ್ತು. ಮೂರು ತಿಂಗಳು ತಪ್ಪದೆ ಕಬ್ಬಿಣದ ಮಾತ್ರೆ ನುಂಗಿದ ಮೇಲೆ 7.4. "ಮಾತ್ರೆ ನುಂಗುತ್ತೀಯೋ, ಎಸೆಯುತ್ತೀಯೋ?" ಎಂದು ಒಬ್ಬ ವೈದ್ಯರು ಕೇಳಿದಾಗ ಮಗುವನ್ನು ಎತ್ತಿಕೊಂಡು ಹೊರಗೆ ಬಂದು ಅತ್ತಿದ್ದೆ. ಕಾರಣ ತಿಳಿದದ್ದು ಮಗನಿಗೆ ಎಂಟು ತಿಂಗಳಾದಾಗ, ಹುಬ್ಬಳ್ಳಿಯ ಜಠರರೋಗ ತಜ್ಞರೊಬ್ಬರಿಂದ. ಟಿಟಿಜಿ ಎಂಬ ರಕ್ತಪರೀಕ್ಷೆ ಮಾಡಿಸಿದರು, ಈ ಕಾಯಿಲೆಯಲ್ಲಿ ರಕ್ತದಲ್ಲಿ ಏರುವ ಪ್ರತಿಕಾಯವನ್ನು ಅದು ಅಳೆಯುತ್ತದೆ; ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಮೊದಲ ಭಾಗದಿಂದ ಚೂರು ತೆಗೆದು ನೋಡಿದರು. ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯದಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದಾಗಲೆಲ್ಲ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ಎರಗುತ್ತದೆ. ಆಹಾರದ ಸಾರ ಹೀರುವ ಎಳೆಎಳೆಯಾದ ಕುಚ್ಚುಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣ ಹೀರಲ್ಪಡುವುದು ಹೆಚ್ಚಾಗಿ ಆ ಮೊದಲ ಭಾಗದಲ್ಲಿಯೇ. ಮಾತ್ರೆ ನುಂಗಿದರೂ ರಕ್ತಕ್ಕೆ ಸೇರಲು ದಾರಿ ಇರಲಿಲ್ಲ.

"ಚಿಕ್ಕವಳಿದ್ದಾಗ ಹೇಗಿದ್ದೆ?" ಎಂದು ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟದ್ದು ಅವ್ವ. ಎರಡು ವರ್ಷದವಳಿದ್ದಾಗ ನನ್ನ ಹೊಟ್ಟೆ ಡುಬ್ಬವಾಗಿ ಕೈಕಾಲು ಕಡ್ಡಿಯಾಗಿದ್ದವಂತೆ. ಬಾಲಗ್ರಹ ಎಂದು ತಾಯತ ಕಟ್ಟಿಸಿದ್ದರಂತೆ. ಆರನೆಯ ವಯಸ್ಸಿಗೆ ಎಲ್ಲವೂ ತಾನಾಗಿಯೇ ಹೋಯಿತು, ತಾಯತದ ಗುಣ ಎಂದುಕೊಂಡರು. ಕಾಯಿಲೆ ಅಡಗಿ ಕುಳಿತಿತ್ತು ಅಷ್ಟೆ. ಹೀಗೆ ಅಡಗಿದ್ದು ಹೆರಿಗೆಯ ನಂತರ ಎದ್ದು ಕಾಣಿಸಿಕೊಳ್ಳುವುದು ಹೊಸತಲ್ಲ ಎಂದು ತಜ್ಞರು ಹೇಳಿದರು. 2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರ ಪ್ರಕಾರ ಈ ಕಾಯಿಲೆಯ ಪ್ರತಿಕಾಯಗಳು ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಷ್ಟು. ನಮ್ಮ ಕಡೆಯ ವೈದ್ಯರಿಗೆ ಇದು ಬೇಗ ಹೊಳೆಯದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಆದರೆ ಚಪಾತಿ ಇಲ್ಲದೆ ದಿನ ಕಳೆಯದ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟಿವೆ!

ಗೋಧಿ ಬಿಟ್ಟೆ. ಜೋಳದ ರೊಟ್ಟಿಯ ನಾಡಿನಲ್ಲಿ ಹುಟ್ಟಿದ್ದು ನನ್ನ ಪುಣ್ಯ. ಎರಡು ವಾರದಲ್ಲಿ ಭೇದಿ ನಿಂತಿತು, ಆರು ತಿಂಗಳಲ್ಲಿ ಹಿಮೋಗ್ಲೋಬಿನ್ 11 ದಾಟಿತು. ಬಂಧುಗಳು ಮಾತ್ರ ಬಿಡಲಿಲ್ಲ. "ಈಗಿನ ಹೈಬ್ರಿಡ್ ಗೋಧಿಯಿಂದ ಹೀಗಾಗುತ್ತದೆ, ಕಪಲಿ ಗೋಧಿ ತಿನ್ನವ್ವ, ಅದು ಹಳೆಯ ತಳಿ" ಎಂದು ಒಬ್ಬ ಸೋದರಮಾವ ಐದು ಕಿಲೋ ತಂದೇಬಿಟ್ಟ. ಪ್ರೀತಿಯಿಂದಲೇ ತಂದದ್ದು. ಆದರೆ ಕಪಲಿಯೂ ಗೋಧಿಯೇ, ಅದರಲ್ಲಿಯೂ ಗ್ಲುಟೆನ್ ಇದೆ. ಇದನ್ನು ಓದುವವರಲ್ಲಿ ಯಾರಾದರೂ ಅಂಥ ಸಲಹೆ ನಂಬಿದ್ದರೆ ದಯವಿಟ್ಟು ಬಿಟ್ಟುಬಿಡಿ.

ನಾನು ಎಡವಿದ್ದು 2017ರಲ್ಲಿ. ಎರಡನೆಯ ಬಸಿರಿನ ಮೂರನೆಯ ತಿಂಗಳು, ಮದುವೆಯ ಮನೆಯೊಂದರಲ್ಲಿ ಕಡಲೆಹಿಟ್ಟಿನದು ಎಂದುಕೊಂಡು ಗೋಧಿಯ ಉಂಡೆ ತಿಂದೆ. ರಾತ್ರಿಯಿಡೀ ಹೆದರಿಕೊಂಡು ಕುಳಿತೆ. ಏನೂ ಆಗಲಿಲ್ಲ. ಮರುವಾರ ಅರ್ಧ ಚಪಾತಿ ತಿಂದು ನೋಡಿದೆ, ಆಗಲೂ ಏನಿಲ್ಲ. ಬಸಿರು ನನ್ನನ್ನು ಗುಣಪಡಿಸಿತು ಎಂದು ಮನಸ್ಸಾರೆ ನಂಬಿದೆ. ಹೆರಿಗೆಯ ತನಕ ವಾರಕ್ಕೊಮ್ಮೆ, ಆಮೇಲೆ ಎರಡು ಸಲ ಚಪಾತಿ ತಿಂದೆ. ಹೊಟ್ಟೆ ಒಂದು ದಿನವೂ ದೂರಲಿಲ್ಲ. ವೈದ್ಯರಿಗೆ ನಾನು ಇದನ್ನು ಹೇಳಲೇ ಇಲ್ಲ.

ಮಗಳು ಹುಟ್ಟಿ ಎರಡು ತಿಂಗಳಿಗೆ ಮೊಣಕೈ, ಮೊಣಕಾಲು ಮತ್ತು ಸೊಂಟದ ಕೆಳಗೆ ಸಣ್ಣ ನೀರುಗುಳ್ಳೆಗಳು ಗುಂಪುಗುಂಪಾಗಿ ಎದ್ದವು. ಹಾಲೂಡಿಸುವಾಗಲೂ ಕೆರೆದುಕೊಳ್ಳುವಷ್ಟು ತುರಿಕೆ. ಕಜ್ಜಿ ಎಂದು ಮುಲಾಮು ಕೊಟ್ಟರು, ಮನೆಯ ಹಾಸಿಗೆ ಬಟ್ಟೆಯನ್ನೆಲ್ಲ ಕುದಿಸಿದೆವು. ಮೂರನೆಯ ವೈದ್ಯರು, ಚರ್ಮರೋಗ ತಜ್ಞೆ, ಗುಳ್ಳೆಯ ಪಕ್ಕದ ಚೆನ್ನಾಗಿದ್ದ ಚರ್ಮದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್ ಎಂದು ಬಂತು. ಅದೇ ಸೀಲಿಯಾಕ್, ಚರ್ಮದ ರೂಪದಲ್ಲಿ. ಟಿಟಿಜಿ ಮತ್ತೆ ಏರಿತ್ತು. ಮೊದಲ ಬಾಣಂತನದಲ್ಲಿ ಭೇದಿಯಾಗಿ ಬಂದದ್ದು ಎರಡನೆಯದರಲ್ಲಿ ತುರಿಕೆಯಾಗಿ ಬಂದಿತ್ತು. ನಾನು ಹಳೆಯ ಗುರುತಿಗಾಗಿ ಕಾದು ಕುಳಿತಿದ್ದೆ.

ಮತ್ತೆ ಗೋಧಿ ಬಿಟ್ಟೆ, ಈ ಸಲ ಕಟ್ಟುನಿಟ್ಟಾಗಿ. ಆದರೂ ಆರು ತಿಂಗಳಾದರೂ ಟಿಟಿಜಿ ಸಾಮಾನ್ಯ ಮಟ್ಟಕ್ಕೆ ಬರಲಿಲ್ಲ. ಒಂದು ನೋಟ್‌ಬುಕ್ ಇಟ್ಟು, ಬಾಯಿಗೆ ಹೋದ ಪ್ರತಿಯೊಂದನ್ನೂ ಬರೆಯತೊಡಗಿದೆ. ಅಡುಗೆಯ ಹೆಸರಷ್ಟೇ ಅಲ್ಲ, ಅದರೊಳಗೆ ಬಿದ್ದ ಸಾಮಾನು, ಅದು ಎಲ್ಲಿಂದ ಬಂತು ಎಂಬುದನ್ನೂ. ಮೂರನೆಯ ವಾರದಲ್ಲಿ ಕಣ್ಣಿಗೆ ಬಿದ್ದದ್ದು ಇಂಗು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದಿತ್ತು. ಅಂಗಡಿಯಲ್ಲಿ ಸಿಗುವ ಇಂಗಿಗೆ ಹಿಟ್ಟು ಬೆರೆಸಿರುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಸಾರು, ಮಜ್ಜಿಗೆ, ಉಪ್ಪಿನಕಾಯಿ, ಎಲ್ಲದರಲ್ಲೂ ದಿನವೂ ಒಂದು ಚಿಟಿಕೆ. ಅಕ್ಕಿಹಿಟ್ಟು ಬೆರೆಸಿದ ಇಂಗು ಹುಡುಕಿ ತಂದೆ.

ಎರಡನೆಯದು ಗಿರಣಿ. ನನ್ನ ಜೋಳ ಶುದ್ಧ, ಆದರೆ ಬೀಸುವ ಕಲ್ಲು ನನ್ನೊಬ್ಬಳದಲ್ಲ. ನನ್ನ ಮುಂದಿನವರು ಗೋಧಿ ಬೀಸಿಸಿಕೊಂಡು ಹೋದರೆ ಅವರ ಹಿಟ್ಟಿನ ಉಳಿಕೆ ನನ್ನ ಡಬ್ಬಿಗೇ ಬೀಳುತ್ತದೆ. ನಸುಕಿನಲ್ಲಿ ಮೊದಲ ಪಾಳಿ ಹಿಡಿದು ನೋಡಿದೆ, ಕಲ್ಲಿನಲ್ಲಿ ಹಿಂದಿನ ರಾತ್ರಿಯ ಗೋಧಿ ಇದ್ದೇ ಇರುತ್ತಿತ್ತು. ಕೊನೆಗೆ ಬಳೆಯ ಒಂದು ಜೊತೆ ಮಾರಿ ಮನೆಗೇ ಚಿಕ್ಕ ಗಿರಣಿ ತಂದೆವು. ಅದರಲ್ಲಿ ಗೋಧಿ ಬೀಸುವಂತಿಲ್ಲ ಎಂಬುದನ್ನು ನನ್ನ ಅತ್ತೆ ನನಗಿಂತ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದಿದ್ದಾರೆ. ಹಂಚು, ಲಟ್ಟಣಿಗೆ ಬೇರೆ ಮಾಡಿದೆವು. ಬಾಣಂತಿಗೆ ಬಲ ಬರಲೆಂದು ಹಾಲಿಗೆ ಹಾಕುತ್ತಿದ್ದ ಮಾಲ್ಟ್ ಪುಡಿ ಬಾರ್ಲಿಯದು, ಅದೂ ಹೋಯಿತು. ಪೊಟ್ಟಣದ ಮೇಲೆ ಗ್ಲುಟೆನ್ ರಹಿತ ಎಂದು ಬರೆಯಲು ನಮ್ಮ ದೇಶದ ನಿಯಮದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಆ ಲೆಕ್ಕದಲ್ಲಿ ಗಿರಣಿಯ ಕಲ್ಲಿನ ಹಿಡಿ ಹಿಟ್ಟು ಎಷ್ಟಾಯಿತು ಯೋಚಿಸಿ. ಮುಂದಿನ ಪರೀಕ್ಷೆಯಲ್ಲಿ ಟಿಟಿಜಿ ಇಳಿಯಿತು. ಗುಳ್ಳೆ ಪೂರ್ತಿ ನಿಲ್ಲಲು ಒಂದೂವರೆ ವರ್ಷ ಹಿಡಿಯಿತು.

ಈಗ ಮತ್ತೊಂದು ರೂಪ. ಎರಡು ವರ್ಷದ ಹಿಂದೆ ದೇವಸ್ಥಾನದಲ್ಲಿ ರವೆಯ ಪ್ರಸಾದವನ್ನು ಅಕ್ಕಿತರಿಯದೆಂದು ನಂಬಿ ಒಂದು ಚಮಚ ತಿಂದೆ. ಎರಡು ಗಂಟೆಯೊಳಗೆ ವಾಂತಿ, ಏಳಲಾರದಷ್ಟು ಸುಸ್ತು. ಮೊದಲು ತಟ್ಟೆ ತುಂಬ ತಿಂದಾಗಲೂ ಹೀಗಾಗಿರಲಿಲ್ಲ. ಬಹಳ ದಿನ ಗೋಧಿ ಬಿಟ್ಟವರಲ್ಲಿ ಹೀಗೆ ಥಟ್ಟನೆ ವಾಂತಿಯಾಗುವುದುಂಟು, ಆದರೆ ವಾಂತಿ ಎಷ್ಟು ಜೋರಾಗಿದೆ ಎಂಬುದರಿಂದ ಕರುಳಿಗೆ ಎಷ್ಟು ಹಾನಿಯಾಗಿದೆ ಎಂದು ಅಳೆಯಲಾಗದು ಎಂದು ವೈದ್ಯರು ವಿವರಿಸಿದರು. ಹೊಟ್ಟೆಯ ಮಾತು ಕೇಳಿ ನಿರ್ಧರಿಸುವುದನ್ನು ನಾನು ಅಂದೇ ಬಿಟ್ಟೆ. ವರ್ಷಕ್ಕೊಮ್ಮೆ ಟಿಟಿಜಿ, ಹಿಮೋಗ್ಲೋಬಿನ್, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್, ವಿಟಮಿನ್ ಡಿ ಪರೀಕ್ಷೆಗಳಿಗೆ ರಕ್ತ ಕೊಡುತ್ತೇನೆ. ಥೈರಾಯ್ಡ್ ಕೂಡ, ಏಕೆಂದರೆ ಸೀಲಿಯಾಕ್ ಇದ್ದವರಿಗೆ ಅದರ ತೊಂದರೆಯೂ ಹೆಚ್ಚು, ಹೆರಿಗೆಯ ನಂತರದ ಸುಸ್ತಿಗೆ ಅದೂ ಕಾರಣವಾಗಿರಬಹುದು.

ಹತ್ತಿರದ ರಕ್ತಸಂಬಂಧಿಗಳಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಇದು ಇರಬಹುದು. ಮಕ್ಕಳಿಬ್ಬರಿಗೂ ಪರೀಕ್ಷೆಯಾಗಿದೆ, ಸದ್ಯಕ್ಕೆ ಇಲ್ಲ. ತಂಗಿಗೆ ಫೋನ್ ಮಾಡಿ ಹೇಳಿದಾಗ ಅವಳು ಹೆದರಿ ಆ ದಿನವೇ ಚಪಾತಿ ಬಿಟ್ಟಳು. ಅದು ತಪ್ಪು. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು. ಕೆಲವು ವಾರ ಮತ್ತೆ ತಿಂದು ರಕ್ತ ಕೊಟ್ಟಳು. ಅವಳ ಹೊಟ್ಟೆ ಹುಟ್ಟಿದಾಗಿನಿಂದ ಒಂದು ದಿನವೂ ಕೆಟ್ಟದ್ದಿಲ್ಲ. ಇದ್ದದ್ದು ರಕ್ತಹೀನತೆ ಮತ್ತು ಎರಡು ಗರ್ಭಪಾತದ ನೋವು. ಎಂಡೋಸ್ಕೋಪಿಯಲ್ಲಿ ಅವಳ ಕರುಳೂ ನನ್ನದರಂತೆಯೇ ಸವೆದಿತ್ತು.

ಕಳೆದ ತಿಂಗಳು ಅವಳಿಗೆ ಹೆಣ್ಣು ಮಗು ಹುಟ್ಟಿತು. ಅವ್ವ ಈ ಸಲ ನವಣೆಯ ಹುಗ್ಗಿ, ಅಳವಿ ಪಾಯಸ, ಗೋಧಿ ಹಿಟ್ಟಿಲ್ಲದ ಅಂಟಿನ ಉಂಡೆ ಮಾಡುತ್ತಿದ್ದಾಳೆ. ಬಾಣಂತಿ ಕೋಣೆಯ ಡಬ್ಬಿಗಳ ಮೇಲೆ ಸೀಮೆಸುಣ್ಣದಿಂದ ತಾನೇ "ಇದರಲ್ಲಿ ಗೋಧಿ ಇಲ್ಲ" ಎಂದು ಬರೆದಿಟ್ಟಿದ್ದಾಳೆ. ಇಂಗಿನ ಡಬ್ಬಿಯ ಮೇಲೆ ಎರಡು ಸಲ.